ದಿವೋತಾ ಕಂಡ ಮುಖ

ಬೆಳಿಗ್ಗೆ ಎದ್ದಾಗ ದಿವೋತಾಳ ಬಲಗೈ ಭುಜದಿಂದ ಬೆರಳ ತುದಿಯವರೆಗೆ ನೋಯುತ್ತಿತ್ತು, ದಿನವಿಡೀ ಕಟ್ಟಿಗೆ ಒಡೆದವರ ಕೈ ನೋಯುವ ಹಾಗೆ. ಅವಳು ಕಟ್ಟಿಗೆ ಒಡೆದಿರಲಿಲ್ಲ. ಹಿಂದಿನ ದಿನ ಪೂರ್ತಿ ಚೆಸ್ಟ್‌ನಟ್ ಕಾಯಿ ಆರಿಸಿ, ಅಟ್ಟದ ಮೇಲೆ ಒಣಗಲು ಹರಡಿ, ಕೆಳಗಿನ ಬೆಂಕಿಗೆ ಹೊಗೆ ಹಿಡಿಯುವಷ್ಟು ಹಸಿ ಸೌದೆ ಹಾಕಿ ಮಲಗಿದ್ದಳು, ಅಷ್ಟೆ.

ಆಮೇಲೆ ಒಂದೊಂದಾಗಿ ನೆನಪಾಯಿತು. ಮಿರ್ಟಲ್ ಪೊದೆಗಳ ನಡುವೆ ಇಳಿಯುವ ಕಾಲುದಾರಿ, ಹಳ್ಳದ ತಿರುವು, ತನ್ನ ಕೈಯಲ್ಲೊಂದು ದ್ರಾಕ್ಷಿ ಬೇರಿನ ದೊಣ್ಣೆ. ನೀರು ಕುಡಿಯಲು ಬಂದ ಎಳೆಯ ಕಾಡುಹಂದಿ. ಅದು ತಲೆ ಎತ್ತಿ ನೋಡಿತ್ತು, ಓಡಿರಲಿಲ್ಲ. ಹೊಡೆದ ಮೇಲೆ ಅದನ್ನು ಕಾಲಿನಿಂದ ಮಗುಚಿ ಅಂಗಾತ ಮಾಡಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಂದಿಯ ಮೂತಿ ಇರಬೇಕಾದ ಕಡೆ ತಮ್ಮ ಸಾವೇರಿಯುವಿನ ಮುಖವಿತ್ತು. ಎಡ ಹುಬ್ಬಿನ ಮೇಲಿನ ಗಾಯದ ಗುರುತಿನ ಸಮೇತ.

ಕೆಳಗೆ ಅಡುಗೆಮನೆಯಲ್ಲಿ ತಮ್ಮ ಶಿಳ್ಳೆ ಹಾಕುತ್ತ ಹೇಸರಗತ್ತೆಯ ಜೀನು ಹೊಲಿಯುತ್ತಿದ್ದ. ಅವನಿಗೆ ಇಪ್ಪತ್ತು ತುಂಬಿತ್ತು. ಸೈನ್ಯದಿಂದ ಕಾಗದ ಬಂದಿತ್ತು. ಡಿಸೆಂಬರ್ ಹದಿನೈದು, ಸೋಮವಾರ, ಬಸ್ಸು ಹತ್ತಿ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಆಲ್ಜೀರಿಯಾದ ಯುದ್ಧಕ್ಕೆ. ಆ ಬೇಸಿಗೆಯಲ್ಲಿ ಕೆಳಗಿನ ಊರಿಗೆ ಅಲ್ಲಿಂದ ಎರಡು ಪೆಟ್ಟಿಗೆಗಳು ವಾಪಸು ಬಂದಿದ್ದವು, ಮುಚ್ಚಳಕ್ಕೆ ಮೊಳೆ ಹೊಡೆದು. ತೆರೆದು ನೋಡಲು ತಾಯಂದಿರಿಗೂ ಬಿಟ್ಟಿರಲಿಲ್ಲ.

ದಿವೋತಾ ಮೆಟ್ಟಿಲಿಳಿದು ಬಂದದ್ದೇ ತಡ, ಒಲೆಯ ಪಕ್ಕ ಕೂತಿದ್ದ ಚಿಕ್ಕಜ್ಜಿ ಜಾಕುಮಿನಾ ಅವಳ ಕೈಯನ್ನೇ ನೋಡಿದಳು. ಜಾಕುಮಿನಾ ಈ ಮನೆಯ ಸತ್ತುಹೋದ ಅಜ್ಜಿಯ ತಂಗಿ, ಮತ್ಸೇರಾ. ಅಂದರೆ ಕನಸಿನಲ್ಲಿ ಬೇಟೆಗೆ ಹೋಗುವವಳು. ಅವಳು ಕೊಂದ ಪ್ರಾಣಿಯಲ್ಲಿ ಯಾರ ಮುಖ ಕಾಣುತ್ತದೋ ಅವರು ವರ್ಷದೊಳಗೆ ಸಾಯುತ್ತಾರೆ. ಊರಿಗೆಲ್ಲ ಇದು ಗೊತ್ತಿತ್ತು. ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಯಾರೂ ಅವಳ ಪಕ್ಕ ಕೂತು ಉಣ್ಣುತ್ತಲೂ ಇರಲಿಲ್ಲ.

"ಕರೆದ್ರಾ ನಿನ್ನ?" ಅಂದಳು ಚಿಕ್ಕಜ್ಜಿ.

ದಿವೋತಾ ಬಲಗೈಯನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ನಂಗೂ ನಿನ್ನ ವಯಸ್ಸಲ್ಲೇ ಕರೆದಿದ್ದು. ಒಲ್ಲೆ ಅನ್ನೋಕೆ ಅದೇನು ಮದುವೆ ಊಟಾನಾ? ಹೋಗ್ಲೇಬೇಕು. ಯಾರ ಮುಖ ಅಂತ ಹೇಳು. ಒಳಗೇ ಇಟ್ಕೋಬೇಡ, ಕೊಳೆಯುತ್ತೆ. ಹೇಳಿದ್ರೆ ಆ ಮನುಷ್ಯ ಪಾಪಗೀಪ ಒಪ್ಪಿಸ್ಕೊಂಡು, ಜಗಳಗಿಗಳ ಮುಗಿಸ್ಕೊಂಡು ನೆಟ್ಟಗೆ ಹೋಗ್ತಾನೆ. ನಾವು ಮಾಡೋ ಉಪಕಾರ ಇಷ್ಟೇ."

ತಾಯಿ ಮರಿಯಾ ಫೆಲಿಚಾ ಪಾತ್ರೆಯಲ್ಲಿ ಚೆಸ್ಟ್‌ನಟ್ ಕಾಯಿಹಿಟ್ಟು ತಿರುವುತ್ತಿದ್ದವಳು ಕೈ ನಿಲ್ಲಿಸಿದಳು. ಕೆಂಡ ಕೇಳಿಕೊಂಡು ಬಂದಿದ್ದ ಪಕ್ಕದ ಮನೆ ಲಿಲ್ಲಿನಾ ಬಾಗಿಲಲ್ಲೇ ಸಲಿಕೆ ಹಿಡಿದು ನಿಂತುಬಿಟ್ಟಳು. ತಮ್ಮ ಮಾತ್ರ ತಲೆ ಎತ್ತದೆ ನಗುತ್ತಿದ್ದ.

"ನಂದಲ್ಲ ತಾನೇ ಅಕ್ಕ? ನಂದಾದ್ರೆ ಈಗ್ಲೇ ಹೇಳ್ಬಿಡು. ಸಾರ್ಜೆಂಟ್‌ಗೆ ಚೀಟಿ ಬರೆದು ಹಾಕ್ತೀನಿ, ಬರೋಕಾಗಲ್ಲ ಸ್ವಾಮಿ, ಇಲ್ಲೇ ಸಾಯೋ ಕೆಲಸ ಇದೆ ಅಂತ."

"ಬಾಯ್ಮುಚ್ಚೋ," ಅಂದಳು ತಾಯಿ. ಅವಳ ಕಣ್ಣು ಮಾತ್ರ ಮಗಳ ಮೇಲೆಯೇ ಇತ್ತು. ಆ ಕಣ್ಣು ಕೇಳುತ್ತಿದ್ದದ್ದೂ ಅದನ್ನೇ.

ದಿವೋತಾ ಯಾವುದಾದರೂ ಒಂದು ಹೆಸರು ಬೇಕೆಂದು ಒಳಗೊಳಗೇ ಹುಡುಕಿದಳು. ಮಕ್ಕಳಿರುವವರನ್ನು ಬಿಟ್ಟಳು. ಹೆಂಡತಿ ಇರುವವರನ್ನು ಬಿಟ್ಟಳು. ಅಳುವವರು ಯಾರೂ ಇಲ್ಲದ ಹೆಸರೊಂದು ಉಳಿಯಿತು.

"ಓರ್ಸು ಸಾಂತು," ಅಂದಳು.

ಲಿಲ್ಲಿನಾ ಶಿಲುಬೆಯ ಗುರುತು ಮಾಡಿಕೊಂಡು, ಕೆಂಡ ಒಯ್ಯುವುದನ್ನೂ ಮರೆತು ಹೋದಳು. ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಊರವರೆಲ್ಲ ರೊಟ್ಟಿ ಸುಡುವ ಗೂಡಿನ ಹತ್ತಿರ ಸುದ್ದಿ ಬೆಂದು ಹೊರಬಂದಿತ್ತು.

ಓರ್ಸು ಸಾಂತು ಊರಿನ ಮೇಲ್ತುದಿಯಲ್ಲಿ, ಒಂದೇ ಕೋಣೆಯ ಕಲ್ಲಿನ ಮನೆಯಲ್ಲಿ ಮೇಕೆಗಳ ಜೊತೆ ಇದ್ದವನು. ಅರವತ್ತೆರಡು ವಯಸ್ಸು, ಮದುವೆಯಾಗಿರಲಿಲ್ಲ. ದಾಯಾದಿ ಪಾವ್ಲುವಿನ ಜೊತೆ ನೀರುಗಾಲುವೆಯ ವಿಷಯಕ್ಕೆ ಹತ್ತೊಂಬತ್ತು ವರ್ಷದಿಂದ ಮಾತಿರಲಿಲ್ಲ. ಸುದ್ದಿ ಕೇಳಿದ ದಿನ ಅವನು ಹಾಲು ಕರೆಯುತ್ತಿದ್ದನಂತೆ. ಹೇಳಿದವರ ಮುಖ ನೋಡಿ, ಕರೆಯುವುದನ್ನು ಮುಗಿಸಿ, ಕೈ ತೊಳೆದುಕೊಂಡು, "ಆ ಮಗು ಸುಳ್ಳು ಹೇಳೋಳಲ್ಲ," ಅಂದನಂತೆ.

ಮಾರನೆಯ ದಿನ ಅವನು ಊರೊಳಗೆ ಬಂದು ಕ್ಷೌರ ಮಾಡಿಸಿಕೊಂಡ. "ಹಿಂಗೇ ಗಡ್ಡ ಬಿಟ್ಕೊಂಡು ಹೋದ್ರೆ ಸ್ವರ್ಗದ ಬಾಗಿಲು ಕಾಯೋ ಸಂತ ಪೇತ್ರ ಮೇಕೆ ಅಂತ ಕಲ್ಲು ಬೀರ್ತಾನೆ," ಅಂದ. ಎಲ್ಲರೂ ನಕ್ಕರು, ನಕ್ಕು ತಲೆ ತಗ್ಗಿಸಿದರು. ಆಮೇಲೆ ಪಾವ್ಲುವಿನ ಮನೆ ಬಾಗಿಲು ತಟ್ಟಿದ. ಇಬ್ಬರೂ ಹೊಸಿಲಿನ ಮೇಲೆ ನಿಂತು ಏನು ಮಾತಾಡಿದರೋ, ಸಂಜೆ ಪಾವ್ಲುವೇ ಅವನ ಮೇಕೆಗಳನ್ನು ಹೊಡೆದುಕೊಂಡು ತನ್ನ ದೊಡ್ಡಿಗೆ ಹೋದ. ಹೋಗುವಾಗ ಪಾವ್ಲು ಅಳುತ್ತಿದ್ದ. ಹಿಂದೆ ಓರ್ಸು ಸಾಂತುವಿನ ಹೆಸರು ಹೇಳಿದರೆ ಉಗುಳುತ್ತಿದ್ದ ಹೆಂಗಸರು ಈಗ ದಿನಕ್ಕೊಬ್ಬರಂತೆ ಬ್ರೊಚ್ಚು ಗಿಣ್ಣು, ಕಾಯಿಹಿಟ್ಟಿನ ರೊಟ್ಟಿ ಹೊತ್ತು ಮೇಲಿನ ಮನೆಗೆ ಹತ್ತತೊಡಗಿದರು.

ಎರಡನೇ ವಾರ ತಾಯಿ ದಿವೋತಾಳ ಕೈಗೂ ರೊಟ್ಟಿ ಕೊಟ್ಟು ಕಳಿಸಿದಳು. "ನೀನು ಹೋಗ್ದೇ ಇದ್ರೆ ಚೆನ್ನಾಗಿರಲ್ಲ ಕಣೇ. ಕಂಡೋಳು ನೀನು."

ಓರ್ಸು ಸಾಂತು ಬಾಗಿಲಲ್ಲಿ ಕೂತು ತನ್ನ ಬಿಳಿ ಅಂಗಿಗೆ ಗುಂಡಿ ಹಾಕುತ್ತಿದ್ದ. ಮೇಕೆಗಳಿಲ್ಲದ ಅಂಗಳ ಗುಡಿಸಿಟ್ಟ ಹಾಗಿತ್ತು.

"ಬಾಮ್ಮ. ಕೂತ್ಕೋ. ಹೆದರ್ಬೇಡ, ನಂಗೇನೂ ಕೋಪ ಇಲ್ಲ. ಒಂದೇ ಕೇಳ್ತೀನಿ. ನನ್ನ ಮುಖ ಹೆಂಗಿತ್ತು? ಹೆದರಿತ್ತಾ?"

"ಇಲ್ಲ ಮಾಮ," ಅಂದಳು ದಿವೋತಾ. "ಶಾಂತವಾಗಿತ್ತು."

"ಹೌದಾ." ಅವನು ಸೂಜಿಗೆ ದಾರ ಪೋಣಿಸಲು ಎರಡು ಸಲ ನೋಡಿ ಅವಳ ಕೈಗೇ ಕೊಟ್ಟ. "ನಮ್ಮಪ್ಪ ಸಾಯೋವಾಗ ಮಗು ಥರ ಕಿರುಚಿದ. ಅದೊಂದು ಭಯ ಇತ್ತು ನಂಗೆ. ಒಳ್ಳೇದಾಯ್ತು ಹೇಳಿದ್ದು."

ಅವಳು ದಾರ ಪೋಣಿಸಿ ಕೊಟ್ಟು ಮನೆಗೆ ಬಂದಳು. ದಾರಿಯಲ್ಲಿ ತಮ್ಮ ಸಿಕ್ಕಿದ, ಹೇಸರಗತ್ತೆಯ ಮೇಲೆ ಗಿರಣಿಗೆ ಮೂಟೆ ಹೇರಿಕೊಂಡು. ಅವಳನ್ನು ನೋಡಿ ಟೊಪ್ಪಿ ತೆಗೆದು, ದೊಡ್ಡ ಮನುಷ್ಯರಿಗೆ ಬಗ್ಗುವಂತೆ ಬಗ್ಗಿದ. "ಮತ್ಸೇರಾ ಅಮ್ಮನೋರು ದಾರಿ ಬಿಡ್ಬೇಕು, ಹೊಟ್ಟೆ ಹಸೀತಿದೆ ಈ ಪ್ರಾಣಿಗೆ." ಯಾವ ಪ್ರಾಣಿಗೆ ಎಂದು ಕೇಳದೆ ಅವಳು ದಾರಿ ಬಿಟ್ಟಳು. ಅವನು ಹೋಗುವವರೆಗೂ ನಿಂತು ಅವನ ಬೆನ್ನು ನೋಡಿದಳು. ಆ ಮುಖ ತನ್ನದೆಂದು ಕೇಳಿಸಿಕೊಂಡು ಇವನು ಹಡಗು ಹತ್ತಿದರೆ ಮೊದಲನೇ ಗುಂಡಿನ ಸದ್ದಿಗೇ ನಿಂತುಬಿಡುತ್ತಾನೆ, ಓಡುವುದಿಲ್ಲ ಅನ್ನಿಸಿತು. ಹದಿನೈದರ ಸೋಮವಾರ ಬಸ್ಸು ಹೋಗುವವರೆಗೆ ಬಾಯಿ ಕಟ್ಟಿಕೊಂಡರೆ ಸಾಕು.

ಡಿಸೆಂಬರಿನ ಮೊದಲ ಹಿಮ ಬಿದ್ದ ದಿನ ಓರ್ಸು ಸಾಂತು ಬೆಟ್ಟ ಹತ್ತಿದ. ಬೇಸಿಗೆಯಲ್ಲಿ ಮೇಕೆ ಮೇಯಿಸುವ ಮೇಲಿನ ಹುಲ್ಲುಗಾವಲಿನಲ್ಲಿ ಅವನದೊಂದು ಕಲ್ಲು ಗುಡಿಸಲಿತ್ತು. ಅದರ ಬಾಗಿಲು ತನ್ನ ಕೈಯಾರೆ ಮುಚ್ಚಿ ಬರಬೇಕು, ಸಾಯುವವನು ತೆರೆದ ಬಾಗಿಲು ಬಿಟ್ಟು ಹೋಗಬಾರದು ಎಂದನಂತೆ. ಯಾರೂ ತಡೆಯಲಿಲ್ಲ. ಬೇರೆ ಯಾವ ವರ್ಷವಾದರೂ ಆ ಹಿಮದಲ್ಲಿ ಹೊರಟವನನ್ನು ಕಾಲು ಹಿಡಿದು ಎಳೆದು ಕೂರಿಸುತ್ತಿದ್ದರು. ಎರಡು ದಿನ ಬಿಟ್ಟು ಅವನು ಮೊಣಕಾಲಿನವರೆಗೆ ತೊಯ್ದು, ಕೆಮ್ಮುತ್ತ ಇಳಿದು ಬಂದು ಮಲಗಿದ. ಮಲಗಿದವನು ಏಳಲಿಲ್ಲ. ಹೆಂಗಸರು ಬಂದರು, ಪಾದ್ರಿ ಬಂದ, ಕೊನೆಯ ಎಣ್ಣೆ ಹಚ್ಚಿಯಾಯಿತು. ಕೆಳಗಿನ ಪಟ್ಟಣದಿಂದ ಡಾಕ್ಟರನ್ನು ಕರೆಸುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಹೆಸರು ಬಂದವನಿಗೆ ಡಾಕ್ಟರು ಯಾಕೆ?

ಶುಕ್ರವಾರ ಮಧ್ಯಾಹ್ನ, ಹೆಂಗಸರು ಊಟಕ್ಕೆಂದು ಇಳಿದು ಹೋದ ಹೊತ್ತು ನೋಡಿ ದಿವೋತಾ ಮೇಲಿನ ಮನೆಗೆ ಓಡಿದಳು. ಅವನ ಕೆನ್ನೆ ಒಳಗಿಳಿದಿತ್ತು. ಉಸಿರು ಗಿರಣಿಯ ಹಳೇ ಚಕ್ರದಂತೆ ಕಿರ್ರೆನ್ನುತ್ತಿತ್ತು. ಆದರೆ ಕಣ್ಣು ತಿಳಿಯಾಗಿತ್ತು.

"ಮಾಮ, ಅದು ನೀವಲ್ಲ," ಅಂದಳು. "ಹಳ್ಳದ ಹತ್ತಿರ ನಾನು ಕಂಡಿದ್ದು ನಿಮ್ಮ ಮುಖ ಅಲ್ಲ. ಸುಳ್ಳು ಹೇಳ್ದೆ."

ಅವನು ಮಾಡಿನ ತೊಲೆ ನೋಡಿದ. ಅವನು ಬೈಯುತ್ತಾನೆ, ಇಲ್ಲ ಕ್ಷಮಿಸುತ್ತಾನೆ, ಇವೆರಡರಲ್ಲಿ ಒಂದನ್ನು ಅವಳು ಕಾಯುತ್ತಿದ್ದಳು. ಅವನು ಎರಡನ್ನೂ ಮಾಡದೆ, ಮೊಣಕೈಯೂರಿ ಏಳಲು ನೋಡಿದ.

"ಆ ಪಾತ್ರೇಲಿ ಏನಿದೆ ನೋಡು."

"ಸೂಪು. ತಣ್ಣಗಾಗಿದೆ."

"ಇರ್ಲಿ, ಕೊಡು. ನಾಲ್ಕು ದಿನ ಆಯ್ತು ಉಂಡು. ಸಾಯೋನಿಗ್ಯಾಕೆ ಸೂಪು ಅಂತ ಬಿಟ್ಟಿದ್ದೆ." ಅವಳು ಕುಡಿಸಿದಳು. ಗಲ್ಲದ ಮೇಲೆ ಸೂಪು ಇಳಿಯಿತು. "ಆ ಪಾವ್ಲು ನನ್ನ ಕಪ್ಪು ಮೇಕೇನ ಮಾರಿಗೀರಿದ್ರೆ ಅವನ ಹಲ್ಲು ಉದುರಿಸ್ತೀನಿ. ನಾಡಿದ್ದು ಭಾನುವಾರ. ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿಬಿಡು. ಬೈತಾರೆ, ಬೈಲಿ."

"ಭಾನುವಾರ ಬೇಡ ಮಾಮ. ಸೋಮವಾರ ಹೇಳ್ತೀನಿ. ಬಸ್ಸು ಹೋದ ತಕ್ಷಣ. ಬೇಕಾದ್ರೆ ಗಂಟೆ ಹೊಡೆದು ಕೂಗಿ ಹೇಳ್ತೀನಿ."

ಅವನು ಅವಳ ಮುಖ ನೋಡಿದ. ಸೋಮವಾರದ ಬಸ್ಸಿನಲ್ಲಿ ಊರಿನಿಂದ ಹೋಗುತ್ತಿದ್ದದ್ದು ಒಬ್ಬನೇ.

"ಓ," ಅಂದ. "ಒಳ್ಳೇ ಹುಡುಗ. ನನ್ನ ಮೇಕೆ ಬಾವಿಗೆ ಬಿದ್ದಾಗ ಇಳಿದು ತೆಗೆದಿದ್ದ," ಅಂದ. ಆಮೇಲೆ, "ನನ್ನ ಹೆಸರೇ ಯಾಕೆ ಬಂತು ನಿನ್ನ ಬಾಯಿಗೆ?"

ಇದಕ್ಕೂ ಒಂದು ಸುಳ್ಳು ಹೊಂದಿಸಬಹುದಿತ್ತು. ಅವಳು ಹೊಂದಿಸಲಿಲ್ಲ. "ನಿಮಗೆ ಅಳೋರು ಯಾರೂ ಇಲ್ಲ ಅಂತ."

ಓರ್ಸು ಸಾಂತು ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. "ಮೂರು ದಿನ ಹೆಣದ ಥರ ಮಲಗಿರ್ಬೇಕು ಅನ್ನು. ಆಗ್ಲಿ. ಆ ಹುಡುಗ ಹೋಗೋವರೆಗೂ ನಾನು ಬಾಯಿ ಬಿಡಲ್ಲ, ಮಾತು ಕೊಟ್ಟೆ. ಆದ್ರೆ ಹೋಗೋವಾಗ ಒಂದೆರಡು ಕೊರಡು ಒಲೆಗೆ ಹಾಕು. ಈ ಹೆಂಗಸ್ರು ಬೆಂಕೀನೂ ಆರಿಸ್ತಾರೆ."

ಅವಳು ಒಲೆ ತುಂಬ ಕೊರಡು ಹಾಕಿ, ಅವನಿಗೆ ಇನ್ನೊಂದು ಕಂಬಳಿ ಹೊದಿಸಿ ಬಂದಳು. ಶನಿವಾರ ಬೆಳಿಗ್ಗೆ ಬಿಸಿ ಸೂಪು ಮಾಡಿ ಒಯ್ದಾಗ ಮನೆ ತುಂಬ ಕಪ್ಪು ಬಟ್ಟೆಯ ಹೆಂಗಸರಿದ್ದರು. ಎರಡೂ ಕಿಟಕಿಗಳನ್ನು ಅಗಲಕ್ಕೆ ತೆರೆದಿಟ್ಟಿದ್ದರು, ಪ್ರಾಣ ಹೊರಗೆ ಹೋಗಲು ದಾರಿ ತಡಕಾಡಬಾರದೆಂದು. ಹಿಮದ ಗಾಳಿ ನೇರ ಹಾಸಿಗೆಯ ಮೇಲೆ ಬೀಸುತ್ತಿತ್ತು. ತಲೆದಿಂಬು ತೆಗೆದಿದ್ದರು. ಒಲೆ ಬೂದಿಯಾಗಿತ್ತು.

"ಕಿಟಕಿ ಮುಚ್ಚಿ," ಅಂದಳು ದಿವೋತಾ.

"ಯಾಕೇ?" ಅಂದಳು ಪಾವ್ಲುವಿನ ಹೆಂಡತಿ ಬಾರ್ಬರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒದ್ದಾಡ್ತಿದಾನೆ ಪಾಪ, ಸಲೀಸಾಗಿ ಹೋಗ್ಲಿ. ನೀನೇ ಕಂಡಿದ್ದಲ್ವಾ?"

ಹಾಸಿಗೆಯ ಮೇಲಿಂದ ಓರ್ಸು ಸಾಂತು ಅವಳನ್ನೇ ನೋಡುತ್ತಿದ್ದ. ತುಟಿ ನೀಲಿಯಾಗಿತ್ತು. ಅವನು ಬಾಯಿ ಬಿಡಲಿಲ್ಲ. ಕೊಟ್ಟ ಮಾತಿಗೆ ಬಿಡಲಿಲ್ಲವೋ, ಬಿಡಲು ಆಗುತ್ತಿರಲಿಲ್ಲವೋ. ಅವಳು ಒಂದೇ ಒಂದು ಮಾತು ಹೇಳಿದ್ದರೆ ಕಿಟಕಿಗಳು ಮುಚ್ಚುತ್ತಿದ್ದವು. ಅಂಗಳದ ಕೆಳಗಿನ ದಾರಿಯಲ್ಲಿ ಸಾವೇರಿಯುವಿನ ಶಿಳ್ಳೆ ಕೇಳಿಸುತ್ತಿತ್ತು. ಹೆಣ ಕಾಯುವ ರಾತ್ರಿಗೆ ಬೇಕಾಗುವ ಸೌದೆಯನ್ನು ಅವನೇ ಹೊರೆ ಕಟ್ಟಿ ತರುತ್ತಿದ್ದ. ದಿವೋತಾ ಸೂಪಿನ ಪಾತ್ರೆಯನ್ನು ನೆಲದ ಮೇಲಿಟ್ಟು, ಬಲವಂತವಾಗಿ ಒಂದು ಕಿಟಕಿ ಎಳೆದು ಮುಚ್ಚಿದಳು. ಅವಳು ಮೆಟ್ಟಿಲಿಳಿಯುವಾಗ ಅದನ್ನು ಮತ್ತೆ ತೆರೆದ ಸದ್ದು ಕೇಳಿಸಿತು.

ಭಾನುವಾರ ಊರೆಲ್ಲ ಪೂಜೆಯಲ್ಲಿದ್ದಾಗ ಅವನು ಸತ್ತ.

ಮಧ್ಯಾಹ್ನ ಅವನನ್ನು ಬಿಳಿ ಅಂಗಿ ತೊಡಿಸಿ ಮೇಜಿನ ಮೇಲೆ ಮಲಗಿಸಿದರು. ಸುತ್ತ ಹೆಂಗಸರು, ಬಾಗಿಲಾಚೆ ಟೊಪ್ಪಿ ಕೈಯಲ್ಲಿ ಹಿಡಿದ ಗಂಡಸರು. ಶವದ ಹಾಡು ಹೇಳುವುದು ಸತ್ತವನ ತಾಯಿಯ, ಅಕ್ಕತಂಗಿಯರ, ಹೆಂಡತಿಯ ಕೆಲಸ. ಅವನಿಗೆ ಮೂವರೂ ಇರಲಿಲ್ಲ. ಬಾರ್ಬರಾ ಎರಡು ಸಾಲು ಹೇಳಿ, ಹತ್ತೊಂಬತ್ತು ವರ್ಷ ಮಾತಾಡಿಸದವನ ಬಗ್ಗೆ ಮೂರನೆಯ ಸಾಲು ಸಿಗದೆ ನಿಲ್ಲಿಸಿದಳು.

"ದಿವೋತಾ ಹೇಳ್ಲಿ," ಅಂದಳು ಮುದುಕಿಯೊಬ್ಬಳು. "ಅವನ ಮುಖ ಮೊದಲು ಕಂಡೋಳು ಅವಳೇ."

ಚಿಕ್ಕಜ್ಜಿ ಜಾಕುಮಿನಾ ಮೂಲೆಯಿಂದ, "ಬೇಡ, ಅವಳಿಗಿನ್ನೂ ಬರಲ್ಲ," ಅಂದಳು. ಆದರೆ ಹೆಂಗಸರು ಆಗಲೇ ಜಾಗ ಬಿಟ್ಟಿದ್ದರು. ದಿವೋತಾ ಮೇಜಿನ ತಲೆಯ ಕಡೆ ಬಂದು ನಿಂತಳು. ಶವದ ಹಾಡಿಗೆ ಆ ಬೆಟ್ಟಗಳಲ್ಲಿ ಒಂದು ನೇಮವಿದೆ: ಸತ್ತವನನ್ನು ಯಾರಾದರೂ ಕೊಂದಿದ್ದರೆ ಹಾಡುವವಳು ಹೆಣದ ಮುಂದೆ ಕೊಂದವನ ಹೆಸರು ಹೇಳಬೇಕು. ಒಬ್ಬಳು ಹೇಳಿದ ಸಾಲನ್ನು ಉಳಿದವರೆಲ್ಲ ತಿರುಗಿ ಹೇಳಬೇಕು. ಅವಳು ಹಿಂದೆ ಎಷ್ಟೋ ಸಲ ತಿರುಗಿ ಹೇಳಿದ್ದಳು. ನಾಳೆ ಹೊತ್ತಿಗೆ ಬಸ್ಸು ಹೋಗಿರುತ್ತದೆ, ಇವತ್ತೊಂದು ಹಾಡು ದಾಟಿದರೆ ಆಯಿತು ಅಂದುಕೊಂಡೇ ಬಾಯಿ ತೆರೆದಳು.

"ಓರ್ಸು ಸಾಂತು, ಬೆಟ್ಟದ ಗೆಳೆಯ, ನಿನ್ನ ಬಾಗಿಲು ನೀನೇ ಮುಚ್ಚಿ ಬಂದೆ."

ನಿನ್ನ ಬಾಗಿಲು ನೀನೇ ಮುಚ್ಚಿ ಬಂದೆ, ಅಂದರು ಹೆಂಗಸರು.

"ನಮ್ಮ ಕಿಟಕಿಗಳನ್ನು ನಾವು ತೆರೆದೆವು, ಹಿಮವನ್ನು ಒಳಗೆ ಕರೆದೆವು."

ಹಿಮವನ್ನು ಒಳಗೆ ಕರೆದೆವು.

ಅವನ ಗಲ್ಲದ ಮೇಲೆ ಕ್ಷೌರದ ಕತ್ತಿ ತಾಗಿದ ಸಣ್ಣ ಗೀರೊಂದರ ಗುರುತು ಇನ್ನೂ ಇತ್ತು. ಅದನ್ನು ನೋಡಿದ ಮೇಲೆ ಮುಂದಿನ ಸಾಲು ಅವಳು ಕಟ್ಟಿದ್ದಲ್ಲ. ತಾನಾಗಿ ಬಂತು.

"ಹಳ್ಳದ ದಡದಲ್ಲಿ ನಿನ್ನ ಮುಖ ನಾ ಕಾಣಲಿಲ್ಲ. ನಿನ್ನನ್ನು ಕೊಂದದ್ದು ನನ್ನ ನಾಲಿಗೆ."

ನಿನ್ನ ಮುಖ ನಾ ಕಾಣಲಿಲ್ಲ, ಅಂದರು ಹೆಂಗಸರು ಅಭ್ಯಾಸದ ಮೇಲೆ, ಮೈ ತೂಗುತ್ತ. ನಿನ್ನನ್ನು ಕೊಂದದ್ದು, ಅನ್ನುವಷ್ಟರಲ್ಲಿ ಒಂದೊಂದು ದನಿಯಾಗಿ ಕಳಚಿಕೊಂಡಿತು. ಕಿವಿ ಮಂದವಾದ ಮುದುಕಿಯೊಬ್ಬಳು ಮಾತ್ರ ಕೊನೆಯ ಪದದವರೆಗೂ ಹೋಗಿ, ಒಂಟಿಯಾಗಿ ಕೇಳಿಸಿದ್ದರಿಂದ ಬೆಚ್ಚಿ ನಿಲ್ಲಿಸಿದಳು.

ಬಾಗಿಲಿನಿಂದ ಪಾವ್ಲು ಕೇಳಿದ, "ಹಾಗಾದ್ರೆ ಯಾರದ್ದು?"

ದಿವೋತಾ ಹೆಣದ ಅಂಗಿಯ ಗುಂಡಿಗಳನ್ನೇ ನೋಡುತ್ತ ನಿಂತಳು. ಯಾರೂ ಸಾವೇರಿಯುವಿನ ಕಡೆ ನೋಡಲಿಲ್ಲ. ಹೆಂಗಸರು ನೆಲ ನೋಡಿದರು, ಗಂಡಸರು ಟೊಪ್ಪಿ ನೋಡಿಕೊಂಡರು, ತಾಯಿ ಕೈಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದಳು. ಅಷ್ಟು ಜನ ಒಟ್ಟಿಗೆ ತನ್ನ ಕಡೆ ನೋಡದೇ ಇದ್ದದ್ದರಿಂದಲೇ ಅವನಿಗೆ ತಿಳಿಯಿತು. ಅವನು ಟೊಪ್ಪಿಯನ್ನು ತಲೆಗೆ ಹಾಕಿಕೊಂಡು, ಮತ್ತೆ ತೆಗೆದು, ಏನು ಮಾಡಬೇಕೆಂದು ತೋಚದೆ ಅಲ್ಲೇ ನಿಂತ. ಅವನ ಅಕ್ಕಪಕ್ಕದಲ್ಲಿದ್ದವರು ತಮಗೇ ಗೊತ್ತಿಲ್ಲದೆ ಒಂದೊಂದು ಹೆಜ್ಜೆ ಸರಿದರು.

ಸೋಮವಾರ ಬೆಳಿಗ್ಗೆ ಹೆಣ ಹೊರಲು ನಾಲ್ವರು ಬೇಕಿತ್ತು. ಸಾವೇರಿಯು ತಾನೇ ಬಂದು ಹೆಗಲು ಕೊಟ್ಟ. ಬೇಡವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮಣ್ಣು ಮುಚ್ಚಿದ ಮೇಲೆ ಅಲ್ಲಿಂದಲೇ ಚೀಲ ಎತ್ತಿಕೊಂಡು ಕೆಳಗಿನ ತಿರುವಿಗೆ ಹೊರಟ. ದಿವೋತಾ ಹತ್ತು ಮಾರು ಹಿಂದೆ ನಡೆದಳು. ಊರಿನಲ್ಲಿ ಯಾರೂ ಅವಳನ್ನು ಬೈದಿರಲಿಲ್ಲ. ಬೆಳಿಗ್ಗೆ ರೊಟ್ಟಿ ಗೂಡಿಗೆ ಹೋದಾಗ ಎಲ್ಲರೂ ಅವಳಿಗೆ ಜಾಗ ಬಿಟ್ಟಿದ್ದರು, ಬೇಕಾದದ್ದಕ್ಕಿಂತ ಜಾಸ್ತಿ.

ತಿರುವಿನ ಕಲ್ಲಿನ ಹತ್ತಿರ ಅವನು ನಿಂತು ಕಾದ.

"ಯಾವ ಪ್ರಾಣಿ ಅಕ್ಕ?"

"ಹಂದಿ. ಎಳೇದು."

"ಮೇಕೆಯಾಗಿದ್ರೆ ಮರ್ಯಾದೆ ಹೋಗ್ತಿತ್ತು." ನಗಲು ನೋಡಿದ. ಕೆಳಗಿನ ಕಣಿವೆಯಲ್ಲಿ ಬಸ್ಸು ಏದುಸಿರು ಬಿಡುತ್ತ ಹತ್ತುವ ಸದ್ದು ಬಂತು. "ಪ್ರಾಣಿ ಗಾಯ ಆಗಿ ತಪ್ಪಿಸ್ಕೊಂಡು ಹೋದ್ರೆ ಕಾಯಿಲೆ ಬಿದ್ದು ಬದುಕ್ಕೊಳ್ತಾರೆ ಅಂತಾರಲ್ಲ. ಅದು ಓಡ್ತಾ? ನಿಜ ಹೇಳು."

ಅವಳು ಅವನ ಎಡ ಹುಬ್ಬು ನೋಡಿದಳು. "ಓಡ್ಲಿಲ್ಲ. ಒಂದೇ ಏಟಿಗೆ ಬಿತ್ತು."

ಅವನು ತಲೆಯಾಡಿಸಿದ, ಗಿರಣಿಯವನು ಮೂಟೆಯ ತೂಕ ಹೇಳಿದಾಗ ತಲೆಯಾಡಿಸುವಂತೆ. "ಅಮ್ಮ ಕೇಳಿದ್ರೆ ಓಡಿಹೋಯ್ತು ಅನ್ನು." ಚೀಲವನ್ನು ಹೆಗಲು ಬದಲಿಸಿಕೊಂಡ. "ಮರೀಬೇಡ."

ಬಸ್ಸು ಬಂತು, ನಿಂತಿತು, ಹೋಯಿತು. ಅವನು ಕಿಟಕಿಯ ಪಕ್ಕ ಕೂರಲಿಲ್ಲ.

ಬಸ್ಸಿನ ಸದ್ದು ಅಡಗುವ ಹೊತ್ತಿಗೆ ಮೇಲಿನ ದಾರಿಯಿಂದ ಮರಿಯಾ ಫೆಲಿಚಾ ಇಳಿದು ಬಂದಳು. ಮಗನಿಗೆಂದು ಬಟ್ಟೆಯಲ್ಲಿ ಸುತ್ತಿದ ಹಂದಿಮಾಂಸದ ಸಾಸೇಜು ಎದೆಗವಚಿಕೊಂಡಿದ್ದಳು. ಓಡಿ ಬಂದು ಮುಟ್ಟಲಾಗಲಿಲ್ಲ. ಖಾಲಿ ದಾರಿಯನ್ನು ನೋಡಿ, ಮಗಳನ್ನು ನೋಡಿದಳು.

"ಅದು ಓಡ್ತಾ?" ಅಂದಳು.

"ಹೂಂ. ಕುಂಟ್ತಾ ಕುಂಟ್ತಾ ಪೊದೆ ಒಳಗೆ ಓಡಿಹೋಯ್ತು."

"ಹಾಗಾದ್ರೆ ಸರಿ," ಅಂದಳು ತಾಯಿ. ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ದಿವೋತಾ ಕೈ ಚಾಚಿದಳು, ಎಬ್ಬಿಸಲೆಂದು. ತಾಯಿ ಆ ಬಲಗೈಯನ್ನು ನೋಡಿ, ಹಿಡಿಯಲಿಲ್ಲ.